ಕಡಲಾಚೆಯ ಮಾವಶಿ

ವಿದೇಶಕ್ಕೆ ಹೊರಡುವಾಗ ಸೂಟ್‌ಕೇಸಿಗೆ ಚಟ್ನಿಪುಡಿಯಿಂದ ಮಾತ್ರೆಯವರೆಗೆ ಎಲ್ಲ ತುಂಬುತ್ತೇವೆ. ಮನಸ್ಸಿನ ತಯಾರಿ ಮಾತ್ರ ಮರೆಯುತ್ತೇವೆ.

ಈ ಸಂಕಟ ಹೊಸದಲ್ಲ. 1688ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ವೈದ್ಯಕೀಯ ಓದುತ್ತಿದ್ದ ಯೋಹಾನ್ನೆಸ್ ಹೋಫರ್ ಇದಕ್ಕೆ ‘ನಾಸ್ಟಾಲ್ಜಿಯಾ’ ಎಂದು ಹೆಸರಿಟ್ಟ. ಗ್ರೀಕ್ ಭಾಷೆಯಲ್ಲಿ ‘ನೋಸ್ಟೋಸ್’ ಎಂದರೆ ಮನೆಗೆ ಮರಳುವುದು, ‘ಆಲ್ಗೋಸ್’ ಎಂದರೆ ನೋವು. ಬರ್ನ್‌ನಿಂದ ಓದಲು ಬಂದು ಹಾಸಿಗೆ ಹಿಡಿದಿದ್ದ ಯುವಕನೊಬ್ಬ ಊರಿನ ದಾರಿ ಹಿಡಿದೊಡನೆ ಚೇತರಿಸಿಕೊಂಡದ್ದನ್ನು ಆತ ಬರೆದಿದ್ದಾನೆ.

ನಮ್ಮ ಮುಂಬೈ ಪಕ್ಕದ ಕಲ್ಯಾಣದ ಆನಂದಿಬಾಯಿ ಜೋಶಿ 1883ರಲ್ಲಿ, 18ರ ಹರೆಯದಲ್ಲಿ, ಪತಿಯನ್ನು ಬಿಟ್ಟು ವೈದ್ಯಕೀಯ ಓದಲು ಅಮೆರಿಕಕ್ಕೆ ಹೊರಟರು. ಫಿಲಡೆಲ್ಫಿಯಾದ ಚಳಿಯಲ್ಲೂ ಸೀರೆ, ಸಸ್ಯಾಹಾರ ಬಿಡಲಿಲ್ಲ. ಅವರಿಗೆ ಆಸರೆಯಾದವರು ನ್ಯೂಜೆರ್ಸಿಯ ಥಿಯೋಡಿಷಿಯಾ ಕಾರ್ಪೆಂಟರ್. ಹಡಗು ಹತ್ತುವ ಮೊದಲೇ ಪತ್ರಗಳಲ್ಲಿ ಬೆಳೆದ ನಂಟು ಅದು. ಆನಂದಿಬಾಯಿ ಅವರನ್ನು ‘ಮಾವಶಿ’ ಎಂದರು. ನಮ್ಮ ಮಾತಿನಲ್ಲಿ ಚಿಕ್ಕಮ್ಮ. 1886ರಲ್ಲಿ ಪದವಿ ಬಂತು. ಆದರೆ ಕ್ಷಯರೋಗ ಬಿಡಲಿಲ್ಲ. 1887ರ ಫೆಬ್ರವರಿ 26ರಂದು, 22 ತುಂಬುವ ಮೊದಲೇ, ಪುಣೆಯಲ್ಲಿ ತೀರಿಕೊಂಡರು. ಅವರ ಚಿತಾಭಸ್ಮ ಕಡಲು ದಾಟಿ ಕಾರ್ಪೆಂಟರ್ ಕುಟುಂಬದ ಸ್ಮಶಾನ ಸೇರಿತು.

ಪ್ರಾಜೆಕ್ಟ್‌ಗೆಂದು ವಿದೇಶಕ್ಕೆ ಹೋದ ನಾನು ಅಮ್ಮನಿಗೆ ದಿನಾ ವಿಡಿಯೊ ಕಾಲ್‌ನಲ್ಲಿ “ಚೆನ್ನಾಗಿದ್ದೀನಿ” ಎನ್ನುತ್ತಿದ್ದೆ. ಪಕ್ಕದ ಮನೆಯ ಬಾಗಿಲು ತಟ್ಟಲು ನಾಲ್ಕು ತಿಂಗಳು ಬೇಕಾಯಿತು. ಗೆಳತಿಯರೇ, ಹೊರಡುವ ಮೊದಲೇ ಅಲ್ಲೊಬ್ಬ ‘ಮಾವಶಿ’ಯನ್ನು ಹುಡುಕಿಕೊಳ್ಳಿ. ವಾರಗಟ್ಟಲೆ ನಿದ್ದೆ, ಹಸಿವು ಕೈಕೊಟ್ಟರೆ ಮಾತ್ರ ಸಂಕೋಚ ಬಿಟ್ಟು ವೈದ್ಯರನ್ನು ಕಾಣಿ.