ಮೂರರ ಪೆಟ್ಟು, ನಾಲ್ಕರ ಬಟನ್

ಶೆಟ್ಟಿಕೆರೆ ಕಡೆಯ ನಮ್ಮೂರಲ್ಲಿ ಆ ವರ್ಷ ಗಣೇಶನ್ನ ಬಿಡೋ ದಿನ ನಾನೇ ಡಿಜೆ. ವಾರವಿಡೀ ಬೆಂಗಳೂರಲ್ಲಿ ಕೋಡ್ ಬರೆಯೋ ಕೆಲಸ, ಶನಿವಾರ ಬಂದರೆ ಯಾರದಾದರೂ ಪಾರ್ಟಿಯಲ್ಲಿ ಮಿಕ್ಸರ್ ಹಿಂದೆ ನಿಲ್ಲೋ ಹುಚ್ಚು. ಊರ ಹುಡುಗರು ಚಿಕ್ಕನಾಯಕನಹಳ್ಳಿಯಿಂದ ಸೌಂಡ್ ಸಿಸ್ಟಂ ಬಾಡಿಗೆಗೆ ತಂದು ಟ್ರ್ಯಾಕ್ಟರ್ ಟ್ರೈಲರ್ ಮೇಲೆ ಕಟ್ಟಿದ್ದರು. ಮುಂದೆ ತಮಟೆಯವರು ಐದು ಜನ. ಹಾಡು ಹಾಡಿನ ನಡುವೆ ಅವರ ಸರದಿ. ಅವರಿಗೂ ಒಂದು ಮೈಕ್ ಕೊಟ್ಟಿದ್ವಿ.

ತಮಟೆಗೆ ಸ್ವಲ್ಪ ಎಕೋ ಕೊಟ್ಟರೆ ತೆಂಗಿನ ತೋಟದಾಚೆಗೂ ಮಜವಾಗಿ ಕೇಳಿಸುತ್ತೆ ಅಂತ ನನಗೆ ಉಮೇದು. ಮೈಕ್ ಚಾನೆಲ್‌ಗೆ ಎಕೋ ಹಾಕಿ, 1/2 ಬಟನ್ ಒತ್ತಿದೆ. ಎರಡು ಸುತ್ತು ಆಗೋದರೊಳಗೆ ಎಲ್ಲ ಕಲಸಿಹೋಯಿತು. ಒಬ್ಬರು ಮುಂದೆ, ಒಬ್ಬರು ಹಿಂದೆ. ಕುಣಿಯೋರು ನಿಂತರು. ಯಾರೋ ಕೂಗಿದ: "ಇವ್ರಿಗೆ ತಾಳ ತಪ್ತು, ಸಾಕು! ಹಾಡು ಹಾಕಣ್ಣ!"

ತಂಡದ ಹಿರಿಯ ತಾತ ಕೋಲು ಕೆಳಗಿಳಿಸಿದರು. ತಪ್ಪಿದ್ದು ಅವರ ತಾಳ ಅಲ್ಲ, ನನ್ನದು ಅಂತ ಆ ಗುಂಪಿನಲ್ಲಿ ಗೊತ್ತಿದ್ದದ್ದು ಇಬ್ಬರಿಗೆ: ಅವರಿಗೆ, ನನಗೆ. ನಾನು ಮಾತಾಡಲಿಲ್ಲ. ಹಾಡು ಹಾಕಿದೆ.

ಎಕೋಗೆ ಲೆಕ್ಕ ಬಂದದ್ದು ಇತ್ತೀಚೆಗೆ. 1970ರ ದಶಕದ ಆರಂಭದಲ್ಲಿ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಕಿಂಗ್ ಟಬ್ಬಿ ಅನ್ನೋ ರಿಪೇರಿ ಮೆಕ್ಯಾನಿಕ್, ಹಾಡಿನಿಂದ ದನಿ ತೆಗೆದು ಡ್ರಮ್ ಮತ್ತು ಬೇಸ್ ಉಳಿಸಿ ಅದಕ್ಕೆ ಎಕೋ ಬೆರೆಸುತ್ತಿದ್ದ. ಆಗ ಎಕೋ ಅಂದರೆ ಟೇಪು. ಒಂದು ಹೆಡ್ ದನಿ ಬರೆಯುತ್ತೆ, ಮುಂದಿನ ಹೆಡ್ ಅದನ್ನೇ ಓದುತ್ತೆ. ನಡುವಿನ ದೂರ, ಟೇಪಿನ ವೇಗ ಸೇರಿ ತಡ ಎಷ್ಟು ಅಂತ ತೀರ್ಮಾನ. 1974ರಲ್ಲಿ ಬಂದ ರೋಲ್ಯಾಂಡ್ ಸ್ಪೇಸ್ ಎಕೋ ಕೂಡ ಹೀಗೇ. ಗುಂಡಿ ತಿರುಗಿಸಿ, ಕಿವಿಗೊಟ್ಟು, ಹಾಡಿಗೆ ಕೂಡೋವರೆಗೆ ಹುಡುಕಬೇಕು. ಲೆಕ್ಕ ಇದ್ದದ್ದು ಮನುಷ್ಯನ ಕಿವಿಯಲ್ಲಿ.

1983ರಲ್ಲಿ ಮಿಡಿ ಬಂತು. ಬೇರೆ ಬೇರೆ ಕಂಪನಿಗಳ ಯಂತ್ರಗಳು ಮಾತಾಡಿಕೊಳ್ಳೋಕೆ ಒಪ್ಪಿದ ಭಾಷೆ. ಅದರ ಗಡಿಯಾರ ಒಂದು ಬೀಟ್‌ಗೆ 24 ಸಲ ಟಿಕ್ ಅನ್ನುತ್ತೆ. 24 ಯಾಕೆ ಅನುಕೂಲ ಗೊತ್ತಾ? ಅದು ನಾಲ್ಕಕ್ಕೂ ಭಾಗ ಹೋಗುತ್ತೆ, ಮೂರಕ್ಕೂ ಹೋಗುತ್ತೆ. ಈ ಅಂಕಿ ನೆನಪಿರಲಿ.

1990ರ ದಶಕದ ನಡುವೆ ಪಯೋನಿಯರ್ ಡಿಜೆಎಂ-500 ಬಂದಾಗ ಡಿಜೆ ಮಿಕ್ಸರ್ ಒಳಗೇ ಬೀಟ್ ಎಣಿಸುವ ಕೌಂಟರ್ ಮತ್ತು ಅದಕ್ಕೆ ಕೂಡುವ ಎಫೆಕ್ಟ್‌ಗಳು ಸೇರಿದವು. 2011ರ ಡಿಜೆಎಂ-900 ನೆಕ್ಸಸ್ ಹೊತ್ತಿಗೆ, ಮೊದಲೇ ಗುರುತು ಹಾಕಿಟ್ಟ ಬೀಟ್ ಗ್ರಿಡ್ ನೋಡಿಕೊಂಡು ಎಫೆಕ್ಟ್ ತಾನಾಗಿ ಸರಿಹೊಂದುವಂತಾಯಿತು. ಲೆಕ್ಕ ಸರಳ: 60,000 ಮಿಲಿಸೆಕೆಂಡನ್ನು ಬಿಪಿಎಂನಿಂದ ಭಾಗಿಸಿ. 120 ಬಿಪಿಎಂ ಅಂದರೆ ಬೀಟ್‌ಗೆ 500 ಮಿಲಿಸೆಕೆಂಡು; 1/2 ಒತ್ತಿದರೆ ಎಕೋ 250ಕ್ಕೆ.

ಆ ಬಟನ್ ಸಾಲು ನೋಡಿದಾಗೆಲ್ಲ ನನಗೆ ಅಜ್ಜಿಯ ಲೆಕ್ಕ ನೆನಪಾಗುತ್ತೆ. 1/16, 1/8, 1/4, 1/2, 3/4. ನಮ್ಮ ಹಳಬರ ಬಾಯಲ್ಲಿ ಇವೇ ವೀಸ, ಅರೆಕಾಲು, ಕಾಲು, ಅರೆ, ಮುಕ್ಕಾಲು. ಈ ಸಾಲಿನಲ್ಲಿ ಮೂರನೇ ಒಂದಕ್ಕೆ ಹೆಸರಿಲ್ಲ. ಹಾಗಂತ ಅದು ಬಾಳಿನಲ್ಲಿ ಇರಲಿಲ್ಲ ಅಂತಲ್ಲ. 1957ರ ಏಪ್ರಿಲ್ 1ಕ್ಕೆ ನಯಾ ಪೈಸೆ ಬರೋವರೆಗೆ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಮೂವರು ಅಣ್ಣತಮ್ಮಂದಿರು ಒಂದು ರೂಪಾಯಿ ಹಂಚಿಕೊಂಡರೆ ತಲೆಗೆ 5 ಆಣೆ 4 ಪೈ, ಚಿಲ್ಲರೆ ಉಳಿಯದ ಹಾಗೆ. ಆ 12 ಮಾಡಿದ ಕೆಲಸವನ್ನೇ ಮಿಡಿಯ 24 ಕೂಡ ಮಾಡುತ್ತೆ. ನಮ್ಮ ಸಂಗೀತದಲ್ಲಂತೂ ಚತುರಶ್ರದ ಪಕ್ಕದಲ್ಲೇ ತಿಶ್ರ ನಡೆ ಕೂತಿದೆ. ಗಡಿಯಾರಕ್ಕೆ ಮೂರು ಗೊತ್ತು. ಬಟನ್ ಸಾಲು ಅದನ್ನ ಬಿಟ್ಟುಬಿಟ್ಟಿತು. ಕ್ಲಬ್ ಹಾಡುಗಳು ಬಹುಪಾಲು ನಾಲ್ಕರವು, ಯಾರಿಗೂ ಕೊರತೆ ಕಾಣಲಿಲ್ಲ.

ಮೆರವಣಿಗೆ ಕೆರೆ ಏರಿ ಹತ್ತಿರ ನಿಂತಾಗ ತಮಟೆಯವರು ತೆಂಗಿನ ಗರಿಗೆ ಬೆಂಕಿ ಹಾಕಿ ಚರ್ಮ ಕಾಯಿಸುತ್ತಿದ್ದರು. ನಾನು ಇಳಿದು ಹೋಗಿ, "ತಾತ, ತಪ್ಪು ನಂದೇ" ಅಂದೆ.

ಅವರು ತಲೆ ಎತ್ತಲಿಲ್ಲ. "ಗೊತ್ತು ಕಣಪ್ಪ. ನೀನು ನಾಕು ಹಾಕ್ದೆ. ನಮ್ದು ಮೂರು."

ಒಂದಲ್ಲ, ಎರಡು ತಪ್ಪು ಮಾಡಿದ್ದೆ. ಹಿಂದಿನ ಹಾಡಿಗೆ ಕೈಯಾರೆ ಇಟ್ಟಿದ್ದ 128 ಬಿಪಿಎಂ ಬದಲಿಸೋದು ಮರೆತಿದ್ದೆ. ತಮಟೆ ಇದ್ದದ್ದು 100ರ ಆಸುಪಾಸಿನಲ್ಲಿ, ಬೀಟ್‌ಗೆ ಮೂರು ಪೆಟ್ಟು; ಅಂದರೆ 200 ಮಿಲಿಸೆಕೆಂಡಿಗೊಂದು. ನನ್ನ ಎಕೋ 234ಕ್ಕೆ ಬೀಳುತ್ತಿತ್ತು. ಮೊದಲ ಮರುದನಿ 34 ತಡ, ಎರಡನೆಯದು 68. ದೊಡ್ಡ ಸ್ಪೀಕರಿನಿಂದ ತಮ್ಮದೇ ಪೆಟ್ಟು ಹಿಂದೆ ಬಿದ್ದು ಎಳೆಯುತ್ತಿದ್ದರೆ ಯಾರು ತಾನೆ ನಿಂತಾರು? ಬಿಪಿಎಂ ಸರಿ ಮಾಡಿ 1/2 ಇಟ್ಟಿದ್ದರೂ ಎಕೋ 300ಕ್ಕೆ ಬಿದ್ದು, ಎರಡು ಪೆಟ್ಟಿನ ನಟ್ಟನಡುವೆ ಅಡ್ಡ ನಿಲ್ಲುತ್ತಿತ್ತು.

ತಾತನನ್ನು ಟ್ರೈಲರ್ ಹತ್ತಿರ ಕರೆದು ಟ್ಯಾಪ್ ಬಟನ್ ತೋರಿಸಿದೆ. "ನಿಮ್ಮ ಪೆಟ್ಟಿನ ತಲೆ ಬಿದ್ದಾಗೆಲ್ಲ ಇದನ್ನ ತಟ್ಟಿ." ಅವರು ಬೆರಳಲ್ಲಿ ನಾಲ್ಕೈದು ಸಲ ತಟ್ಟಿದರು. ಪರದೆ ಮೇಲೆ 100 ಬಂತು. ಆ ಮಿಕ್ಸರ್‌ನಲ್ಲಿ ಮೂರನೇ ಒಂದಕ್ಕೆ ಬಟನ್ ಇರಲಿಲ್ಲ. ಟೈಮ್ ಗುಂಡಿ ತಿರುಗಿಸಿ ಕೈಯಾರೆ 200ಕ್ಕೆ ತಂದೆ, ಟೇಪಿನ ಕಾಲದವರ ಹಾಗೆ. ಎಕೋ ಪೆಟ್ಟಿನ ಮೇಲೇ ಕೂತಿತು. ಕುಣಿತ ಬಿಸಿಯೇರಿ ಅವರು ವೇಗ ಹೆಚ್ಚಿಸಿದಂತೆಲ್ಲ ನಾನು ಮತ್ತೆ ತಟ್ಟಿದೆ, ಗುಂಡಿಯನ್ನು ಮತ್ತೆ ಕೆಳಗಿಳಿಸಿದೆ. ಕೆರೆ ಮುಟ್ಟೋವರೆಗೆ ನನಗೆ ಫೋನ್ ನೋಡೋಕೂ ಪುರುಸೊತ್ತಾಗಲಿಲ್ಲ.

ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿ 2023ರಲ್ಲಿ ಪದ್ಮಶ್ರೀ ಬಂತು. ಆದರೂ ನಮ್ಮ ಊರುಗಳಲ್ಲಿ ತಮಟೆ ಹಿಡಿಯೋ ಕೈಗಳು ಹೆಚ್ಚಾಗಿ ಊರಾಚೆಯ ಕೇರಿಯವು. ಆ ಕೈ ತಾಳ ತಪ್ಪಿತು ಅಂದರೆ ಊರು ತಕ್ಷಣ ನಂಬುತ್ತೆ. ಮಿಷಿನ್ ತಪ್ಪಿತು ಅಂದರೆ ನಂಬಲ್ಲ. ಅದಕ್ಕೇ ಆ ರಾತ್ರಿ ಮೈಕ್ ಹಿಡಿದು ಹೇಳಿದೆ: "ಆಗ ತಪ್ಪಿದ್ದು ಡಿಜೆ, ತಮಟೆಯವರಲ್ಲ." ಅರ್ಧ ಜನ ನಕ್ಕರು. ಅರ್ಧ ಜನ ಕೇಳಿಸಿಕೊಳ್ಳಲೇ ಇಲ್ಲ.

ಮಾರನೇ ದಿನ ಲೆಕ್ಕ ಚುಕ್ತಾ ಆಯಿತು. ನನ್ನೊಬ್ಬನಿಗೆ ಕೊಟ್ಟಷ್ಟನ್ನೇ ಆ ಐದು ಜನಕ್ಕೆ ಹಂಚಿದ್ದರು. ಮುಂದಿನ ವರ್ಷದ ಮಾತು ಬಂದಾಗ, ಡಿಜೆ ಒಂದೇ ಸಾಕಲ್ವಾ ಅಂದ ಒಬ್ಬ. ತಮಟೆ ಇಲ್ಲದಿದ್ದರೆ ನಾನೂ ಬರಲ್ಲ ಅಂದೆ. ಈ ಸಲ ಅವರ ದುಡ್ಡು ಮೊದಲು ಮಾತಾಡಿ, ಆಮೇಲೆ ನನಗೆ ಫೋನ್ ಮಾಡಿದ್ದಾರೆ.