ಯೋಗಿಯ ನಾಡಿಯೂ ವೈದ್ಯನ ಕತ್ತಿಯೂ

ಸುಮಾರು 1855ರ ಮಾತು. ಮೂವತ್ತರ ಪ್ರಾಯದ ಸಂನ್ಯಾಸಿಯೊಬ್ಬರು ಗಂಗಾತೀರದಲ್ಲಿ ಸಂಚರಿಸುತ್ತಿದ್ದರು. ಅವರ ಗಂಟಿನಲ್ಲಿ ‘ಹಠಪ್ರದೀಪಿಕೆ’, ‘ಯೋಗಬೀಜ’ ಮೊದಲಾದ ಕೆಲವು ಹೊತ್ತಿಗೆಗಳು. ಅವುಗಳಲ್ಲಿ ನಾಡೀಚಕ್ರಗಳ ವಿಸ್ತಾರವಾದ ವರ್ಣನೆಗಳಿದ್ದವು. ಓದಿದಷ್ಟೂ ಸಂಶಯವೇ ಬೆಳೆಯುತ್ತಿತ್ತು. ಒಂದು ದಿನ ಹೊಳೆಯಲ್ಲಿ ಹೆಣವೊಂದು ತೇಲಿ ಬರುತ್ತಿರುವುದು ಅವರ ಕಣ್ಣಿಗೆ ಬಿತ್ತು. ನೀರಿಗಿಳಿದು ಅದನ್ನು ದಡಕ್ಕೆ ಎಳೆದು ತಂದರು. ಹರಿತವಾದ ಚಾಕುವಿನಿಂದ ಕೊಯ್ದು, ಹೃದಯವನ್ನು ಹೊರತೆಗೆದು ನೋಡಿದರು. ತಲೆ ಕತ್ತುಗಳನ್ನೂ ಪರೀಕ್ಷಿಸಿದರು. ಹೊತ್ತಿಗೆಯನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದನ್ನೂ ಹೋಲಿಸಿದರು. ಬರೆದಿದ್ದುದಕ್ಕೂ ಕಂಡದ್ದಕ್ಕೂ ಎಲ್ಲಿಯೂ ತಾಳೆಯಾಗಲಿಲ್ಲ. ಹೊತ್ತಿಗೆಗಳನ್ನು ಚೂರುಚೂರಾಗಿ ಹರಿದು, ಹೆಣದ ಜೊತೆಗೇ ಹೊಳೆಯ ಪಾಲು ಮಾಡಿದರು.

ಆ ಸಂನ್ಯಾಸಿಯೇ ಮುಂದೆ ಆರ್ಯಸಮಾಜವನ್ನು ಸ್ಥಾಪಿಸಿದ ದಯಾನಂದ ಸರಸ್ವತಿಗಳು. ಈ ಪ್ರಸಂಗವನ್ನು ತಮ್ಮ ಆತ್ಮಕಥನದಲ್ಲಿ ಅವರೇ ಹೇಳಿಕೊಂಡಿದ್ದಾರೆ. ಅವರು ಹೊಳೆಗೆ ಎಸೆದದ್ದು ಆ ಹೊತ್ತಿಗೆಗಳನ್ನು ಮಾತ್ರ, ಯೋಗವನ್ನಲ್ಲ. ಪತಂಜಲಿಯ ಮೇಲಿನ ಅವರ ಗೌರವ ಕೊನೆಯವರೆಗೂ ಉಳಿಯಿತು. ಆದರೆ ಅವರು ಎತ್ತಿದ ಪ್ರಶ್ನೆ ಹೊಳೆಯಲ್ಲಿ ಕೊಚ್ಚಿಹೋಗಲಿಲ್ಲ. ಯೋಗಿಯು ವರ್ಣಿಸುವ ದೇಹವೂ ವೈದ್ಯನು ಕೊಯ್ದು ತೋರಿಸುವ ದೇಹವೂ ಒಂದೆಯೇ? ಒಂದಲ್ಲವಾದರೆ, ಬೆಳಗ್ಗೆ ಎದ್ದು ಚಾಪೆ ಹಾಸಿ ಆಸನಕ್ಕೆ ಕುಳಿತುಕೊಳ್ಳುವ ನಮ್ಮಂಥ ಸಾಮಾನ್ಯರು ಯಾವುದನ್ನು ನಂಬಬೇಕು?

ಹೆಣವನ್ನು ಕೊಯ್ದು ನೋಡುವುದು ನಮ್ಮ ನಾಡಿಗೆ ಹೊಸದೇನೂ ಅಲ್ಲ. ‘ಸುಶ್ರುತಸಂಹಿತೆ’ಯು ಅದರ ಕ್ರಮವನ್ನೇ ವಿಧಿಸಿದೆ. ವಿಷದಿಂದ ಸಾಯದ, ದೀರ್ಘಕಾಲ ರೋಗದಿಂದ ನರಳದ, ಅಂಗಗಳೆಲ್ಲ ನೆಟ್ಟಗಿರುವ ದೇಹವನ್ನು ಆರಿಸಿಕೊಳ್ಳಬೇಕು. ಕರುಳಿನ ಮಲವನ್ನು ತೆಗೆದು, ಹುಲ್ಲು ನಾರುಗಳಿಂದ ಸುತ್ತಿ, ಪಂಜರದಲ್ಲಿಟ್ಟು, ಮರೆಯಾದ ಜಾಗದಲ್ಲಿ ಹರಿಯುವ ನೀರಿನಲ್ಲಿ ಏಳು ರಾತ್ರಿ ಮುಳುಗಿಸಿಡಬೇಕು. ಆಮೇಲೆ ಲಾವಂಚದ ಬೇರು, ಕೂದಲು ಅಥವಾ ಬಿದಿರಿನ ಕುಂಚದಿಂದ ಮೆಲ್ಲಮೆಲ್ಲನೆ ಉಜ್ಜುತ್ತ, ಚರ್ಮದಿಂದ ಮೊದಲುಗೊಂಡು ಪದರಪದರವಾಗಿ ಕಣ್ಣಾರೆ ನೋಡಬೇಕು. ಶಾಸ್ತ್ರದಲ್ಲಿ ಓದಿದ್ದನ್ನು ಕಣ್ಣಿನಿಂದಲೂ ಕಂಡವನಿಗೇ ಜ್ಞಾನ ಬೆಳೆಯುತ್ತದೆ ಎಂಬುದು ಸುಶ್ರುತನ ಅಭಿಪ್ರಾಯ. ಆದರೂ ಚರಕನ ಲೆಕ್ಕದಲ್ಲಿ ಮೂಳೆಗಳು 360, ಸುಶ್ರುತನ ಲೆಕ್ಕದಲ್ಲಿ 300, ಇಂದಿನ ವೈದ್ಯರ ಲೆಕ್ಕದಲ್ಲಿ ವಯಸ್ಕನಿಗೆ 206. ಇದನ್ನು ಕಂಡು ನಗುವ ಕಾರಣವಿಲ್ಲ. ಚರಕನು ಹಲ್ಲು ಉಗುರುಗಳನ್ನೂ ಎಣಿಸಿದನು; ಸುಶ್ರುತನು ಮೃದ್ವಸ್ಥಿಗಳನ್ನೂ ಸೇರಿಸಿಕೊಂಡನು. ಎಣಿಸುವ ಕಟ್ಟಳೆ ಬೇರೆಯಾದರೆ ಮೊತ್ತವೂ ಬೇರೆಯಾಗುವುದು ಸಹಜವೇ.

ಕಾಲಕ್ರಮದಲ್ಲಿ ಆ ಕುಂಚ ಕೈಬಿಟ್ಟುಹೋಯಿತು. ಹೆಣ ಮುಟ್ಟುವುದು ಮೈಲಿಗೆಯ ಮಾತಾಯಿತು. ಪಂಡಿತರಲ್ಲಿ ಸಂಹಿತೆಯ ಪಾಠ ಉಳಿಯಿತು, ಪ್ರಯೋಗ ಉಳಿಯಲಿಲ್ಲ. ಇತ್ತ ಹಠಯೋಗದ ಗ್ರಂಥಗಳು ಬೆಳೆದವು. ಎಪ್ಪತ್ತೆರಡು ಸಾವಿರ ನಾಡಿಗಳು, ಇಡಾ ಪಿಂಗಳಾ ಸುಷುಮ್ನೆಗಳು, ಬೆನ್ನುಗಂಬದ ಉದ್ದಕ್ಕೂ ದಳದಳವಾಗಿ ಅರಳುವ ಪದ್ಮಗಳು ಅವುಗಳಲ್ಲಿ ಬಂದವು. ಇವು ಕತ್ತಿಗೆ ಸಿಕ್ಕ ವಸ್ತುಗಳಲ್ಲ. ಕಣ್ಣು ಮುಚ್ಚಿ ಕುಳಿತವನು ತನ್ನ ಒಳಗನ್ನು ನಡೆದು ನೋಡಲು ಬರೆದುಕೊಂಡ ದಾರಿಯ ನಕ್ಷೆ. ನಾಭಿಯಲ್ಲಿ ಮನಸ್ಸನ್ನು ನಿಲ್ಲಿಸಿದವನಿಗೆ ದೇಹದ ರಚನೆ ತಿಳಿಯುತ್ತದೆಂದು ಪತಂಜಲಿಯೂ ಹೇಳುತ್ತಾನೆ. ವೈದ್ಯನು ಹೊರಗಿನಿಂದ ಒಳಕ್ಕೆ ಹೋದನು. ಯೋಗಿಯು ಒಳಗೇ ಕುಳಿತು ನೋಡಿದನು. ಈ ಇಬ್ಬರೂ ಒಂದೇ ಮಾತನ್ನಾಡುತ್ತಿದ್ದಾರೆಂದು ಭಾವಿಸಿದಲ್ಲಿಯೇ ಮುಂದಿನ ಗೊಂದಲಗಳೆಲ್ಲ ಹುಟ್ಟಿದವು.

1836ರಲ್ಲಿ ಕಲ್ಕತ್ತೆಯ ಮೆಡಿಕಲ್ ಕಾಲೇಜಿನಲ್ಲಿ ಪಂಡಿತ ಮಧುಸೂದನ ಗುಪ್ತರು ಹೆಣ ಕೊಯ್ದು ಹಳೆಯ ಕಟ್ಟನ್ನು ಮುರಿದರು. ಅವರು ಆಯುರ್ವೇದದ ಪಂಡಿತರು ಎಂಬುದನ್ನು ಗಮನಿಸಬೇಕು. ಹದಿನೈದು ವರ್ಷಗಳ ಮೇಲೆ, 1851ರಲ್ಲಿ, ವೈದ್ಯರಾದ ನವೀನಚಂದ್ರ ಪಾಲರು ಕಾಶಿಯಲ್ಲಿ ಯೋಗವನ್ನು ಕುರಿತು ಒಂದು ಇಂಗ್ಲಿಷ್ ಪುಸ್ತಕವನ್ನು ಪ್ರಕಟಿಸಿದರು. ಚಳಿಗಾಲವನ್ನೆಲ್ಲ ನಿದ್ದೆಯಲ್ಲಿ ಕಳೆಯುವ ಪ್ರಾಣಿಗಳ ಸ್ಥಿತಿಗೂ ಯೋಗಿಯ ದೀರ್ಘ ಕುಂಭಕಕ್ಕೂ ಹೋಲಿಕೆಯಿದೆಯೆಂದು ಅವರು ವಾದಿಸಿದರು. ಉಸಿರಿನಲ್ಲಿ ಹೊರಬೀಳುವ ಇಂಗಾಲಾಮ್ಲ ವಾಯುವಿನ ಲೆಕ್ಕವನ್ನೂ ಯೋಗದ ಚರ್ಚೆಗೆ ತಂದರು. ಅವರ ಎಲ್ಲ ತೀರ್ಮಾನಗಳೂ ನಿಲ್ಲಲಿಲ್ಲ. ಆದರೆ ಪ್ರಾಣಾಯಾಮವನ್ನು ಅಳೆದು ನೋಡಬಹುದೆಂಬ ಮಾತು ಅಲ್ಲಿಂದ ಬೆಳೆಯಿತು.

ಅಳೆಯುವ ಕೆಲಸವನ್ನೇ ಜೀವನದ ವ್ರತವಾಗಿ ಮಾಡಿಕೊಂಡವರು ಸ್ವಾಮಿ ಕುವಲಯಾನಂದರು. ಜಗನ್ನಾಥ ಗಣೇಶ ಗುಣೆ ಎಂಬುದು ಅವರ ಪೂರ್ವಾಶ್ರಮದ ಹೆಸರು, ಹುಟ್ಟಿದ್ದು 1883ರಲ್ಲಿ. ಬರೋಡೆಯ ಮಾಣಿಕರಾಯರ ಬಳಿ ಅಂಗಸಾಧನೆ ಕಲಿತರು. ನರ್ಮದಾತೀರದ ಮಾಲ್ಸರದಲ್ಲಿ ಪರಮಹಂಸ ಮಾಧವದಾಸರಿಂದ ಯೋಗ ಕಲಿತರು. ಗುರುವಿನ ಮೇಲೆ ಅಪಾರ ಭಕ್ತಿ. ಆದರೂ ಗುರು ಹೇಳಿದ್ದನ್ನು ಉಪಕರಣದ ಮುಂದಿಟ್ಟು ಕೇಳಲು ಹಿಂಜರಿಯಲಿಲ್ಲ. ಬರೋಡೆಯ ಆಸ್ಪತ್ರೆಯಲ್ಲಿ ಉಡ್ಡಿಯಾನ, ನೌಲಿಗಳನ್ನು ಕ್ಷ-ಕಿರಣದಿಂದ ಪರೀಕ್ಷಿಸಿದರು. 1924ರಲ್ಲಿ ಲೋಣಾವಳದಲ್ಲಿ ‘ಕೈವಲ್ಯಧಾಮ’ವನ್ನು ಸ್ಥಾಪಿಸಿ, ಅದೇ ವರ್ಷ ‘ಯೋಗಮೀಮಾಂಸಾ’ ಎಂಬ ತ್ರೈಮಾಸಿಕವನ್ನು ಆರಂಭಿಸಿದರು.

ಅವರ ನೌಲಿ ಪ್ರಯೋಗ ಸ್ವಾರಸ್ಯವಾದದ್ದು. ಹೊಟ್ಟೆಯ ನಡುವಣ ಸ್ನಾಯುಗಳನ್ನು ಕಂಬದಂತೆ ಎತ್ತಿ ನಿಲ್ಲಿಸುವ ಈ ಕ್ರಿಯೆಯಲ್ಲಿ ದೊಡ್ಡ ಕರುಳಿನ ಒತ್ತಡವು ಹೊರಗಿನ ವಾಯುವಿನ ಒತ್ತಡಕ್ಕಿಂತ ಕೆಳಗಿಳಿಯುತ್ತದೆಂದು ಮಾಪಕ ತೋರಿಸಿತು. ನೀರಿನಲ್ಲಿ ಕುಳಿತ ಹಠಯೋಗಿಯು ಬಸ್ತಿಕ್ರಿಯೆಯಲ್ಲಿ ಗುದದ್ವಾರದಿಂದ ನೀರನ್ನು ಮೇಲಕ್ಕೆಳೆದುಕೊಳ್ಳುವುದು ಹೇಗೆಂಬ ಒಗಟು ಇದರಿಂದ ಬಿಡಿಸಿತು. ಅಲ್ಲಿ ಪವಾಡವೇನೂ ಇರಲಿಲ್ಲ. ಪಿಚಕಾರಿಯಲ್ಲಿ ನೀರೇರುವ ನಿಯಮವೇ ಅಲ್ಲಿಯೂ ನಡೆದಿತ್ತು. ಈ ನಿರ್ವಾತಕ್ಕೆ ಕುವಲಯಾನಂದರು ತಮ್ಮ ಗುರುವಿನ ಹೆಸರನ್ನೇ ಇಟ್ಟರು. ಸಂಶಯದಿಂದ ಆರಂಭವಾದ ಪರೀಕ್ಷೆ ಗುರುದಕ್ಷಿಣೆಯಲ್ಲಿ ಮುಗಿದದ್ದು ಹೀಗೆ. ಮುಂದೆ ಸರ್ವಾಂಗಾಸನ, ಮತ್ಸ್ಯಾಸನಗಳಲ್ಲಿ ರಕ್ತದ ಒತ್ತಡವನ್ನೂ ಅಳೆದರು. 1927ರಲ್ಲಿ ಗಾಂಧೀಜಿಯವರು ಕಾಯಿಲೆ ಬಿದ್ದು, ನಂದಿಬೆಟ್ಟದಲ್ಲಿಯೂ ಬೆಂಗಳೂರಿನಲ್ಲಿಯೂ ವಿಶ್ರಾಂತಿ ಪಡೆದ ವರ್ಷ, ಆಸನಗಳ ವಿಷಯದಲ್ಲಿ ಸಲಹೆ ಕೇಳಿದ್ದು ಇದೇ ಕುವಲಯಾನಂದರನ್ನು.

ಅದೇ 1927ರಲ್ಲಿ ಮುಂಬಯಿಯ ಡಾಕ್ಟರ್ ವಸಂತ ರೇಳೆಯವರು ಬೇರೊಂದು ದಾರಿ ಹಿಡಿದರು. ಕುಂಡಲಿನಿಯೆಂದರೆ ಮಿದುಳಿನಿಂದ ಹೊರಟು ಹೃದಯ, ಶ್ವಾಸಕೋಶ, ಜಠರಗಳನ್ನು ಮುಟ್ಟುವ ವೇಗಸ್ ನರವೇ ಎಂದು ಪುಸ್ತಕ ಬರೆದರು. ಅದಕ್ಕೆ ಮುನ್ನುಡಿ ಬರೆದ ಸರ್ ಜಾನ್ ವುಡ್ರಫ್ ಅವರು ಮುನ್ನುಡಿಯಲ್ಲಿಯೇ ತಮ್ಮ ಭಿನ್ನಾಭಿಪ್ರಾಯವನ್ನು ಸೂಚಿಸಿದರು. ತಂತ್ರಶಾಸ್ತ್ರದ ಪ್ರಕಾರ ಕುಂಡಲಿನಿ ಶಕ್ತಿಯೇ ಹೊರತು ನರವಲ್ಲ. ದಯಾನಂದರು ಹೊತ್ತಿಗೆ ಹೆಣಕ್ಕೆ ಹೊಂದಲಿಲ್ಲವೆಂದು ಹೊತ್ತಿಗೆಯನ್ನು ಎಸೆದರು. ರೇಳೆಯವರು ಹೇಗಾದರೂ ಹೊಂದಿಸಲೇಬೇಕೆಂದು ಹೊರಟರು. ಇಬ್ಬರೂ ಆ ವರ್ಣನೆಯನ್ನು ಹೆಣದಲ್ಲಿ ಕಾಣಬೇಕಾದ ವಸ್ತುವೆಂದೇ ಎಣಿಸಿದ್ದರು. ಕುವಲಯಾನಂದರ ಪ್ರಶ್ನೆಯೇ ಬೇರೆ. ‘ಇದು ಯಾವ ಅಂಗ?’ ಎಂದು ಅವರು ಕೇಳಲಿಲ್ಲ. ‘ಇದನ್ನು ಮಾಡಿದಾಗ ದೇಹದಲ್ಲಿ ಏನಾಗುತ್ತದೆ?’ ಎಂದು ಕೇಳಿದರು. ಫಲ ಕೊಟ್ಟದ್ದು ಈ ಪ್ರಶ್ನೆ.

ಈಗ ನಮ್ಮ ಮೈಸೂರಿಗೆ ಬರೋಣ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯೊಂದು ಏರ್ಪಟ್ಟಿತು. ಗುರುಗಳು ಚಿತ್ರದುರ್ಗದ ಸೀಮೆಯಲ್ಲಿ ಹುಟ್ಟಿದ ತಿರುಮಲೆ ಕೃಷ್ಣಮಾಚಾರ್ಯರು. 1934ರಲ್ಲಿ ಅವರ ‘ಯೋಗಮಕರಂದ’ ಕನ್ನಡದಲ್ಲಿಯೇ ಅಚ್ಚಾಯಿತು. ಯೋಗಿಗಳು ಹೃದಯದ ಬಡಿತವನ್ನೇ ನಿಲ್ಲಿಸಬಲ್ಲರೆಂಬ ಮಾತು ಆ ಕಾಲದಲ್ಲಿ ದೂರದೂರಕ್ಕೆ ಹಬ್ಬಿತ್ತು. 1935ರಲ್ಲಿ ಫ್ರಾನ್ಸಿನ ಹೃದಯವೈದ್ಯೆ ತೆರೇಸ್ ಬ್ರಾಸ್ ಅವರು ಇ.ಸಿ.ಜಿ. ಯಂತ್ರದೊಡನೆ ಭಾರತಕ್ಕೆ ಬಂದರು. ಅವರ ಪಟ್ಟಿಯಲ್ಲಿ ಒಂದೆಡೆ ಹೃದಯದ ಗೆರೆ ಬಹುಮಟ್ಟಿಗೆ ಸಪಾಟಾದಂತೆ ಕಂಡಿತು. ಲೋಕ ಬೆರಗಾಯಿತು.

ಇಪ್ಪತ್ತೆರಡು ವರ್ಷಗಳ ಮೇಲೆ, 1957ರಲ್ಲಿ, ಅಮೆರಿಕದಿಂದ ವೆಂಗರ್ ಮತ್ತು ಬಾಗ್ಚಿ ಎಂಬ ವಿಜ್ಞಾನಿಗಳು ಬಂದು, ದೆಹಲಿಯ ಡಾಕ್ಟರ್ ಆನಂದರೊಡನೆ ಸೇರಿ ಮತ್ತೆ ಪರೀಕ್ಷಿಸಿದರು. ಹೀಗೆ ಪರೀಕ್ಷೆಗೆ ಒಳಗಾದವರಲ್ಲಿ ಆಗ ಮದರಾಸಿನಲ್ಲಿ ನೆಲೆಸಿದ್ದ ವೃದ್ಧ ಕೃಷ್ಣಮಾಚಾರ್ಯರೂ ಒಬ್ಬರು. 1961ರಲ್ಲಿ ಫಲಿತಾಂಶ ಪ್ರಕಟವಾಯಿತು: ಯಾರ ಹೃದಯವೂ ನಿಂತಿರಲಿಲ್ಲ. ಉಸಿರು ಕಟ್ಟಿ, ಗಂಟಲು ಮುಚ್ಚಿ, ಎದೆ ಹೊಟ್ಟೆಗಳ ಸ್ನಾಯುಗಳನ್ನು ಬಲವಾಗಿ ಬಿಗಿದಾಗ ಎದೆಗೂಡಿನ ಒಳಗೆ ಒತ್ತಡ ಏರುತ್ತದೆ. ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ. ಹೃದಯ ಬಡಿಯುತ್ತಲೇ ಇದ್ದರೂ ತಳ್ಳಲು ರಕ್ತ ಸಾಲದೆ ಮಣಿಕಟ್ಟಿನ ನಾಡಿ ಬೆರಳಿಗೆ ಸಿಕ್ಕುವುದಿಲ್ಲ. ಬಿಗಿದ ಸ್ನಾಯುಗಳ ಸದ್ದಿನಲ್ಲಿ ಹೃದಯದ ಸದ್ದೂ ಅಡಗುತ್ತದೆ. ಯೋಗಿ ಸುಳ್ಳು ಹೇಳಿರಲಿಲ್ಲ. ನಾಡಿ ಹಿಡಿದವನೂ ಸುಳ್ಳು ಹೇಳಿರಲಿಲ್ಲ. ಬೆರಳಿಗೆ ತಿಳಿಯದ್ದು ಯಂತ್ರಕ್ಕೆ ತಿಳಿಯಿತು, ಅಷ್ಟೆ. ಅದೇ ವರದಿಯಲ್ಲಿ ಇನ್ನೊಂದು ಮಾತೂ ಇತ್ತು: ಒಬ್ಬ ಸಾಧಕನು ತನ್ನ ಹೃದಯದ ಬಡಿತವನ್ನು ನಿಧಾನಗೊಳಿಸಬಲ್ಲವನಾಗಿದ್ದನು. ಪವಾಡದ ಸುದ್ದಿಗೆ ಕಿವಿಗೊಟ್ಟ ನಾವು ಈ ಸಣ್ಣ ಸತ್ಯವನ್ನು ಮರೆತೆವು. ನಮ್ಮ ಉಪಯೋಗಕ್ಕೆ ಬರತಕ್ಕದ್ದು ಇದೇ.

ಪ್ರಾಣಾಯಾಮದಿಂದ ರಕ್ತಕ್ಕೆ ಹೇರಳವಾಗಿ ಆಮ್ಲಜನಕ ಸೇರುತ್ತದೆಂದು ಇಂದಿಗೂ ಹಲವರು ಹೇಳುವುದುಂಟು. ಆರೋಗ್ಯವಂತನ ಶುದ್ಧ ರಕ್ತದಲ್ಲಿ ಆಮ್ಲಜನಕ ಈಗಾಗಲೇ ನೂರಕ್ಕೆ 95ರಿಂದ 98ರಷ್ಟು ತುಂಬಿರುತ್ತದೆ. ತುಂಬಿದ ಕೊಡಕ್ಕೆ ಇನ್ನೆಷ್ಟು ಸುರಿಯಬಹುದು? ರಭಸದಿಂದ ಉಸಿರಾಡಿದರೆ ಇಂಗಾಲಾಮ್ಲ ಅತಿಯಾಗಿ ಹೊರಹೋಗಿ, ಮಿದುಳಿನ ರಕ್ತನಾಳಗಳು ಕುಗ್ಗಿ, ತಲೆ ಸುತ್ತುತ್ತದೆ. ಅದನ್ನೇ ಕುಂಡಲಿನಿಯ ಏಳಿಗೆಯೆಂದು ಭ್ರಮಿಸಿದವರೂ ಇರಬಹುದು. ಉಸಿರನ್ನು ನಿಧಾನಗೊಳಿಸುವುದರಲ್ಲಿ ಮಾತ್ರ ನಿಜವಾದ ಗುಣವಿದೆ. 2001ರಲ್ಲಿ ಇಟಲಿಯ ಬರ್ನಾರ್ಡಿ ಮತ್ತು ಅವರ ಸಂಗಡಿಗರು, ಯೋಗಮಂತ್ರ ಜಪಿಸುವವರ ಉಸಿರೂ ಕ್ರೈಸ್ತರ ಜಪಮಾಲೆಯ ಪ್ರಾರ್ಥನೆ ಹೇಳುವವರ ಉಸಿರೂ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯುವುದನ್ನು ಕಂಡರು. ಆ ಲಯದಲ್ಲಿ ರಕ್ತದ ಒತ್ತಡವನ್ನು ಹದದಲ್ಲಿಡುವ ದೇಹದ ಏರ್ಪಾಡು ಹೆಚ್ಚು ಚುರುಕಾಗುತ್ತದೆಂದು ತೋರಿಸಿದರು. ಹೃದಯಕ್ಕೆ ‘ಮೆಲ್ಲಗೆ’ ಎಂಬ ಆಜ್ಞೆಯನ್ನು ಒಯ್ಯುವ ನರ ವೇಗಸ್! ರೇಳೆಯವರ ಸಮೀಕರಣ ತಪ್ಪಾದರೂ, ಬೆರಳು ತೋರಿಸಿದ ದಿಕ್ಕು ಪೂರ್ತಿ ಹಾಳಲ್ಲ.

ನನ್ನ ಸ್ವಂತದ ಒಂದು ಪ್ರಸಂಗವನ್ನು ಹೇಳಿದರೆ ವಾಚಕರು ಕ್ಷಮಿಸಬೇಕು. ಐವತ್ತು ದಾಟಿದ ಮೇಲೆ ಪದ್ಮಾಸನವನ್ನು ಸಾಧಿಸಿಯೇ ತೀರಬೇಕೆಂಬ ಹಟ ನನಗೆ ಹಿಡಿಯಿತು. ಪುಸ್ತಕವನ್ನು ಮುಂದಿಟ್ಟುಕೊಂಡು ದಿನವೂ ಪಾದವನ್ನು ಕೈಯಿಂದ ಎಳೆದೆಳೆದು ತೊಡೆಯ ಮೇಲೆ ಕೂರಿಸಿದೆ. ಮೂರನೆಯ ವಾರ ಮಂಡಿ ಊದಿಕೊಂಡು ಮೆಟ್ಟಿಲು ಹತ್ತಲಾರದೆ ಕುಳಿತೆ. ನನ್ನ ವೈದ್ಯಮಿತ್ರರೊಬ್ಬರು ಬೈಯಲಿಲ್ಲ. ಎಲುಬಿನ ಮಾದರಿಯೊಂದನ್ನು ತಂದು ಮೇಜಿನ ಮೇಲಿಟ್ಟರು. “ನೋಡಿ ರಾಯರೆ, ಮಂಡಿ ಬಾಗಿಲಿನ ತಿರುಗಣಿಯ ಹಾಗೆ, ಮಡಿಸುವುದು, ಚಾಚುವುದು ಅದರ ಕೆಲಸ. ಹೊರಳಬೇಕಾದ್ದು ಸೊಂಟದ ಕೀಲು. ಅದು ಹೊರಳದಿದ್ದರೆ ನೀವು ಎಳೆದದ್ದೆಲ್ಲ ಮಂಡಿಯ ಮೇಲೆ ಬೀಳುತ್ತದೆ” ಎಂದರು. ಸೊಂಟದ ಕೀಲಿನ ಗುಂಡಿಯ ಆಳವೂ ಮುಖವೂ ಎಲ್ಲರಲ್ಲಿಯೂ ಒಂದೇ ಸಮನಲ್ಲವಂತೆ. ಕೆಲವರಿಗೆ ಪದ್ಮಾಸನ ಎಂದಿಗೂ ದಕ್ಕದು, ಅದರಲ್ಲಿ ಅವರ ಸಾಧನೆಯ ಕೊರತೆಯೇನೂ ಇಲ್ಲ. ಆ ಮಾತಿನಿಂದ ನನಗಾದ ಸಮಾಧಾನ ಅಷ್ಟಿಷ್ಟಲ್ಲ. ಶೀರ್ಷಾಸನದ ಮಾತೂ ಹೀಗೆಯೇ. ಕತ್ತಿನ ಏಳು ಮಣಿಗಳು ನಾಲ್ಕೈದು ಕಿಲೋ ತೂಕದ ತಲೆಯನ್ನು ಹೊರಲು ಇರುವಂಥವು. ಅವುಗಳ ಮೇಲೆ ಇಡೀ ದೇಹವನ್ನು ನಿಲ್ಲಿಸುವ ಮುನ್ನ ಭುಜ ಮುಂಗೈಗಳು ಎಷ್ಟು ಭಾರ ಹಂಚಿಕೊಂಡಾವು ಎಂದು ಕೇಳಿಕೊಳ್ಳುವುದು ವಿವೇಕ.

ಕೃಷ್ಣಮಾಚಾರ್ಯರ ಶಿಷ್ಯರೂ ಬಂಧುಗಳೂ ಆಗಿದ್ದ ಬೆಳ್ಳೂರಿನ ಬಿ. ಕೆ. ಎಸ್. ಅಯ್ಯಂಗಾರ್ಯರು ಈ ವಿವೇಕವನ್ನೇ ಒಂದು ಪದ್ಧತಿಯನ್ನಾಗಿ ಮಾಡಿದರು. ಬಾಲ್ಯದಲ್ಲಿ ರೋಗಗಳಿಂದ ಜರ್ಜರಿತರಾಗಿದ್ದ ಅವರಿಗೆ ದೇಹದ ಮಿತಿ ಪುಸ್ತಕದ ಮಾತಾಗಿರಲಿಲ್ಲ. ಮರದ ತುಂಡು, ಪಟ್ಟಿ, ಕುರ್ಚಿಗಳನ್ನು ಆಸರೆಯಾಗಿಟ್ಟು, ಆಸನವನ್ನೇ ಮನುಷ್ಯನ ಅಳತೆಗೆ ಬಗ್ಗಿಸಿದರು. 1966ರಲ್ಲಿ ಹೊರಬಂದ ಅವರ ಇಂಗ್ಲಿಷ್ ಗ್ರಂಥ ಲೋಕವನ್ನೇ ಸುತ್ತಿತು. ಕುವಲಯಾನಂದರು ತೀರಿಕೊಂಡದ್ದೂ ಅದೇ ವರ್ಷ.

ದಯಾನಂದರು ಹೊತ್ತಿಗೆಯನ್ನು ಹೊಳೆಗೆ ಎಸೆದದ್ದು ಸರಿಯೇ ತಪ್ಪೇ ಎಂದು ಈಗ ತೀರ್ಪು ಹೇಳುವುದು ಸುಲಭ. ನನಗೆ ಮೆಚ್ಚಿಕೆಯಾಗುವುದು ಅವರು ಎಸೆದದ್ದಲ್ಲ. ಎಸೆಯುವ ಮೊದಲು ನೀರಿಗಿಳಿದು, ಅಸಹ್ಯಪಡದೆ, ಕಣ್ಣಾರೆ ನೋಡಿದ್ದು. ಹೆಣದಲ್ಲಿ ಪದ್ಮಗಳು ಸಿಕ್ಕಲಿಲ್ಲ, ಸಿಕ್ಕತಕ್ಕವೂ ಅಲ್ಲ. ಆದರೆ ಉಸಿರಾಡುತ್ತಿರುವ ದೇಹವೊಂದು ದಿನವೂ ನಮ್ಮ ಚಾಪೆಯ ಮೇಲೆ ಕುಳಿತಿರುತ್ತದೆ. ಅದರ ಮಂಡಿ, ಕತ್ತು, ವಪೆಗಳು ಏನು ಹೇಳುತ್ತಿವೆಯೆಂದು ಕೇಳಿಸಿಕೊಳ್ಳುವುದಕ್ಕೆ ಚಾಕುವೂ ಬೇಡ, ಯಂತ್ರವೂ ಬೇಡ. ನನ್ನ ಮಂಡಿಯ ಊತ ಇಳಿದಿದೆ. ಈಗ ನಾನು ಸುಖಾಸನದಲ್ಲಿ ಕುಳಿತುಕೊಳ್ಳುತ್ತೇನೆ.