ನಂಬರ್ ಉಳಿದರೆ ಗಾಡಿ ಉಳಿಯುತ್ತೆ: ಸೆಂಟರ್ ಬೇರಿಂಗ್ ಮತ್ತು ಸೋಲಾಪುರ ರಸ್ತೆ

ಈ ವಾರದ ಮಾತಿನ ಬರಹ ರೂಪ ಇದು.

ಹೈದರಾಬಾದಿನಲ್ಲಿ ಕೆಲಸ ಮಾಡುವ ಕನ್ನಡಿಗರಲ್ಲಿ ಬಹಳ ಜನಕ್ಕೆ ಶುಕ್ರವಾರ ರಾತ್ರಿ ಅಂದ್ರೆ ಪಟಾನ್‌ಚೆರು, ಸಂಗಾರೆಡ್ಡಿ, ಜಹೀರಾಬಾದ್. ಜಹೀರಾಬಾದಿನಲ್ಲಿ ಬಲಕ್ಕೆ ಹೊರಳಿದರೆ ಬೀದರ್, ನೇರ ಹೋದರೆ ಹುಮನಾಬಾದ್. ಕಾಗದದಲ್ಲಿ ಇದು ರಾಷ್ಟ್ರೀಯ ಹೆದ್ದಾರಿ 65. ಹಳಬರ ಬಾಯಲ್ಲಿ ಇವತ್ತಿಗೂ ಸೋಲಾಪುರ ರಸ್ತೆ. ಈ ರಸ್ತೆ ಬದಿಯ ಗ್ಯಾರೇಜುಗಳಲ್ಲಿ ಆಗೊಮ್ಮೆ ಈಗೊಮ್ಮೆ ಹಳೆಯ ಫೋರ್ ವೀಲ್ ಡ್ರೈವ್ ಗಾಡಿಯೊಂದು ನಿಂತಿರುತ್ತೆ. ಮಾಡಿದ ಕಂಪನಿ ಬಾಗಿಲು ಹಾಕಿರುತ್ತೆ, ಡೀಲರ್ ಇಲ್ಲ, ಮ್ಯಾನ್ಯುಯಲ್ ಇಲ್ಲ. ಆದರೂ ಗಾಡಿ ಓಡುತ್ತೆ. ಹೇಗೆ? ಉತ್ತರ ಹುಡುಕೋಕೆ ಗಾಡಿಯ ಕೆಳಗಿನ ಒಂದು ಸಣ್ಣ ಭಾಗ ಸಾಕು. ಗ್ಯಾರೇಜಿನವರು ಅದನ್ನ ಸೆಂಟರ್ ಬೇರಿಂಗ್ ಅಂತಾರೆ.

ನಡುವೆ ಒಂದು ಕೈ ಯಾಕೆ ಬೇಕು?

ಗೇರ್‌ಬಾಕ್ಸ್‌ನಿಂದ ಹಿಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ಕೊಳವೆಯೇ ಪ್ರೊಪೆಲ್ಲರ್ ಶಾಫ್ಟ್. ಫೋರ್ ವೀಲ್ ಡ್ರೈವ್‌ನಲ್ಲಿ ನಡುವೆ ಟ್ರಾನ್ಸ್‌ಫರ್ ಕೇಸ್ ಇರುತ್ತೆ, ಅಲ್ಲಿಂದ ಒಂದು ಶಾಫ್ಟ್ ಹಿಂದಕ್ಕೆ, ಇನ್ನೊಂದು ಮುಂದಕ್ಕೆ. 1941ರ ವಿಲ್ಲೀಸ್ ಜೀಪ್ ನೋಡಿ. ಎರಡು ಆಕ್ಸಲ್‌ಗಳ ನಡುವೆ ಬರೀ 80 ಇಂಚು. ಅಲ್ಲಿ ಒಂದೇ ತುಂಡಿನ ಗಿಡ್ಡ ಶಾಫ್ಟ್ ಸಾಕು, ಸೆಂಟರ್ ಬೇರಿಂಗ್ ಬೇಕಿಲ್ಲ.

ಚಾಸಿಸ್ ಉದ್ದ ಆದಾಗ ತೊಂದರೆ ಶುರು. ಮಕ್ಕಳು ಹಗ್ಗ ಬೀಸಿ ಆಡೋದು ನೋಡಿದ್ದೀರಲ್ಲ, ನಡುಭಾಗ ಹೊರಕ್ಕೆ ಬಾಗುತ್ತೆ. ಉದ್ದ ಶಾಫ್ಟ್ ಕೂಡ ಒಂದು ವೇಗ ದಾಟಿದರೆ ಹಾಗೇ ಬಾಗಿ ಬೀಸುತ್ತೆ. ಇಲ್ಲಿನ ಲೆಕ್ಕ ಚೆನ್ನಾಗಿದೆ: ಅದೇ ದಪ್ಪದ ಶಾಫ್ಟ್‌ನ ಉದ್ದ ಅರ್ಧ ಮಾಡಿದರೆ ಆ ಅಪಾಯದ ವೇಗ ನಾಲ್ಕು ಪಟ್ಟು ಮೇಲೆ ಹೋಗುತ್ತೆ. ಹಾಗಾಗಿ ಶಾಫ್ಟನ್ನ ಎರಡು ತುಂಡು ಮಾಡಿ, ನಡುವೆ ಕ್ರಾಸ್ ಜಾಯಿಂಟ್ ಕೊಟ್ಟು, ಮುಂದಿನ ತುಂಡಿನ ತುದಿಯನ್ನ ಒಂದು ಬೇರಿಂಗ್‌ನಲ್ಲಿ ಹಿಡಿಸಿ ಚಾಸಿಸ್‌ಗೆ ತೂಗು ಹಾಕ್ತಾರೆ. ಬೇರಿಂಗ್ ಸುತ್ತ ರಬ್ಬರ್, ರಬ್ಬರ್ ಸುತ್ತ ಬ್ರಾಕೆಟ್. ಈ ಬೇರಿಂಗ್ ಗಾಡಿಯನ್ನ ತಳ್ಳೋದೂ ಇಲ್ಲ, ಎಳೆಯೋದೂ ಇಲ್ಲ. ತಿರುಗೋದು ಅಲ್ಲಾಡದ ಹಾಗೆ ಹಿಡಿದಿರುತ್ತೆ, ಅಷ್ಟೇ.

ಗಾಡಿಗಳು ಬಂದ ದಾರಿ

1932ರ ಜೂನ್‌ನಲ್ಲಿ ನಿಜಾಂ ಸ್ಟೇಟ್ ರೈಲ್ವೆ ತನ್ನದೇ ರಸ್ತೆ ಸಾರಿಗೆ ವಿಭಾಗ ಶುರು ಮಾಡಿತು. 27 ಬಸ್ಸು, 166 ಜನ ನೌಕರರು. ಸ್ಕಾಟ್ಲೆಂಡಿನ ಆಲ್ಬಿಯನ್ ಕಂಪನಿಯ ಆ ಕಾಲದ ಒಂದು ಬಸ್ಸನ್ನ ಹೈದರಾಬಾದಿನ ಬಸ್ ಭವನದಲ್ಲಿ ಉಳಿಸಿಕೊಂಡಿದ್ದಾರೆ. ಬೀದರ್, ಕಲಬುರಗಿ, ರಾಯಚೂರು ಆಗ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಹಾಗಾಗಿ ಇದು ನಮ್ಮ ಚರಿತ್ರೆಯೂ ಹೌದು.

1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆಯ ಮುಖ್ಯ ತುಕಡಿ ಸೋಲಾಪುರದಿಂದ ಹೊರಟಿದ್ದು ಇದೇ ರಸ್ತೆಯಲ್ಲಿ. ನಳದುರ್ಗ, ಉಮರ್ಗಾ, ರಾಜೇಶ್ವರ, 16ರಂದು ಜಹೀರಾಬಾದ್. 18ರಂದು ನಿಜಾಮರ ಸೇನೆ ಶರಣಾಯಿತು. ಆ ದಿನಗಳ ನೋವಿಗೆ ಬೇರೆಯದೇ ಮಾತು ಬೇಕು. ಇಲ್ಲಿ ಗಮನಿಸಬೇಕಾದ್ದು ಇಷ್ಟು: ಜೀಪು ಲಾರಿಗಳು ಓಡಬೇಕಾದರೆ ಹಿಂದೆ ರಿಪೇರಿ ಕಲಿತ ಕೈಗಳು ಬೇಕು. ಸೇನೆಯ ಮೆಕ್ಯಾನಿಕ್‌ಗಳಿಗೆಂದೇ 1943ರಲ್ಲಿ ಹುಟ್ಟಿದ ಇಎಂಇ ದಳದ ಕಾಲೇಜು ಇವತ್ತು ಇರೋದು ನಮ್ಮ ಸಿಕಂದರಾಬಾದಿನಲ್ಲೇ.

ಯುದ್ಧ ಮುಗಿದ ಮೇಲೆ 1947ರಿಂದ ಮಹೀಂದ್ರದವರು ಮುಂಬೈಯಲ್ಲಿ ವಿಲ್ಲೀಸ್ ಜೀಪ್ ಜೋಡಿಸತೊಡಗಿದರು. ಹೈದರಾಬಾದಿನಲ್ಲಿ 1942ರಲ್ಲಿ ಹುಟ್ಟಿದ ಆಲ್ವಿನ್ ಕಾರ್ಖಾನೆ ಬಸ್ ಬಾಡಿ, ಫ್ರಿಜ್, ವಾಚು ಎಲ್ಲಾ ಮಾಡಿ, 1980ರ ದಶಕದಲ್ಲಿ ಜಪಾನಿನ ನಿಸ್ಸಾನ್ ಜೊತೆ ಸೇರಿ ಜಹೀರಾಬಾದಿನಲ್ಲಿ ಲಾರಿ ಮಾಡಿತು. ಕೆಲವೇ ವರ್ಷಗಳಲ್ಲಿ ಅದು ಮಹೀಂದ್ರ ಕೈ ಸೇರಿತು. ಈಗ ಅಲ್ಲಿ ಟ್ರ್ಯಾಕ್ಟರ್ ತಯಾರಾಗುತ್ತೆ, ಆಲ್ವಿನ್ ಅನ್ನೋ ಹೆಸರು ಹಳಬರ ನೆನಪಲ್ಲಿ ಮಾತ್ರ ಇದೆ. ಕಂಪನಿಗಳ ಆಯಸ್ಸು ಗಾಡಿಗಳ ಆಯಸ್ಸಿಗಿಂತ ಕಡಿಮೆ ಇರಬಹುದು ಅನ್ನೋದಕ್ಕೆ ಈ ರಸ್ತೆಯೇ ಸಾಕ್ಷಿ.

ಸಾಯದ ನಂಬರು

ಹಾಗಾದ್ರೆ ಸ್ಪೇರ್ ಎಲ್ಲಿಂದ? ಎಷ್ಟೋ ಹಳೆ ಗಾಡಿಗಳ ಸೆಂಟರ್ ಬೇರಿಂಗ್ ಬಿಚ್ಚಿ ಒರೆಸಿ ನೋಡಿದರೆ ರಿಂಗಿನ ಅಂಚಿನಲ್ಲಿ ನಾಲ್ಕು ಅಂಕಿ ಕೆತ್ತಿರುತ್ತೆ. ಉದಾಹರಣೆಗೆ 6206. ಇದರಲ್ಲಿ 62 ಅಂದ್ರೆ ಬೇರಿಂಗ್‌ನ ಜಾತಿ ಮತ್ತು ಗಾತ್ರದ ವರ್ಗ. ಕೊನೆಯ 06ನ್ನ 5ರಿಂದ ಗುಣಿಸಿ: 30. ಒಳ ರಂಧ್ರ 30 ಮಿಲಿಮೀಟರ್. 04ರಿಂದ ಮೇಲಕ್ಕೆ ಈ ಲೆಕ್ಕ ನಡೆಯುತ್ತೆ. 6206ರ ಹೊರ ಅಳತೆ 62, ಅಗಲ 16 ಮಿಲಿಮೀಟರ್. ಯಾವ ದೇಶದ, ಯಾವ ಕಂಪನಿಯದಾದರೂ ಇದೇ ಅಳತೆ.

ಸ್ವೀಡನ್ನಿನಲ್ಲಿ ಎಸ್‌ಕೆಎಫ್ ಹುಟ್ಟಿದ್ದು 1907ರಲ್ಲಿ. ನಮ್ಮಲ್ಲಿ ಜೈಪುರದ ನ್ಯಾಷನಲ್ ಬೇರಿಂಗ್ ಕಂಪನಿ 1946ರಲ್ಲಿ ಶುರುವಾಗಿ 1950ರಲ್ಲಿ ಮೊದಲ ಬೇರಿಂಗ್ ಹೊರತಂದಿತು. ಅಲ್ಲಿಂದ ಮುಂದೆ ಗಾಡಿಯ ಹೆಸರು ಹೇಳದೆಯೂ ಸ್ಪೇರ್ ಕೊಳ್ಳೋದು ಸುಲಭ ಆಯ್ತು. ಸಿಕಂದರಾಬಾದಿನ ರಾಣಿಗಂಜ್‌ನಲ್ಲಿ ನಿಮ್ಮ ಜೀಪು ಯಾವ ಇಸವಿದು ಅಂತ ಹೇಳಬೇಕಿಲ್ಲ. ನಂಬರ್ ಹೇಳಿ, ಎರಡೂ ಕಡೆ ಸೀಲ್ ಇರೋದು ಬೇಕು ಅನ್ನಿ, ಸಾಕು. ಸಾಫ್ಟ್‌ವೇರ್‌ನವರಿಗೆ ಇದು ಹೊಸದಲ್ಲ: ಸ್ಟ್ಯಾಂಡರ್ಡ್ ಸರಿಯಾಗಿದ್ದರೆ ಬರೆದವನು ಹೋದರೂ ವ್ಯವಸ್ಥೆ ನಡೆಯುತ್ತೆ.

ನಂಬರ್ ಅಳಿಸಿದ್ದರೆ ವರ್ನಿಯರ್ ಹಿಡಿದು ಅಳೆಯಿರಿ. ಕೆಲವು ಹಳೆ ಗಾಡಿಗಳಲ್ಲಿ ಇಂಚಿನ ಅಳತೆ ಇರುತ್ತೆ, ಹತ್ತಿರದ ಮಿಲಿಮೀಟರ್ ಬೇರಿಂಗ್ ತಂದು ಬಡಿದು ಕೂರಿಸಬೇಡಿ. ಕಷ್ಟ ಇರೋದು ರಬ್ಬರಿನಲ್ಲಿ. ರಬ್ಬರಿಗೆ ಜಗತ್ತಿನ ನಂಬರ್ ಇಲ್ಲ, ಅದು ಆಯಾ ಗಾಡಿಯದು. ಹಳೆಯದನ್ನ ಎಸೆಯದೆ ಮಾದರಿಗೆ ಇಟ್ಟುಕೊಳ್ಳಿ.

ಬದಲಿಸುವ ಕ್ರಮ

ಬೇರಿಂಗ್ ಸವೆದಿದ್ದರೆ ವೇಗ ಏರಿದ ಹಾಗೆ ಏರುವ ಗುಂಯ್ ಸದ್ದು ಬರುತ್ತೆ. ರಬ್ಬರ್ ಹರಿದಿದ್ದರೆ ಗಾಡಿ ಎತ್ತುವಾಗ ಕೆಳಗಿಂದ ದಡ್ ಅನ್ನುತ್ತೆ. ಕ್ರಾಸ್ ಸವೆದರೂ ಹೆಚ್ಚುಕಡಿಮೆ ಇದೇ ಲಕ್ಷಣ, ಹಾಗಾಗಿ ಎರಡನ್ನೂ ಕೈಯಿಂದ ಅಲ್ಲಾಡಿಸಿ ನೋಡಬೇಕು.

ಮೊದಲು ಚಕ್ರಗಳಿಗೆ ಗಟ್ಟಿ ಅಡ್ಡ ಇಡಿ. ಇದು ಯಾಕೆ ಮುಖ್ಯ ಅಂದ್ರೆ, ಹಳೆ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯೋದು ಚಕ್ರವನ್ನಲ್ಲ, ಟ್ರಾನ್ಸ್‌ಫರ್ ಕೇಸ್ ಹಿಂದಿನ ಡ್ರಮ್ಮನ್ನ. ಅಂಥ ಗಾಡಿಯ ಹಿಂದಿನ ಶಾಫ್ಟ್ ಬಿಚ್ಚಿದ ಕ್ಷಣ ಹ್ಯಾಂಡ್‌ಬ್ರೇಕ್ ಇದ್ದೂ ಇಲ್ಲದ ಹಾಗೆ. ಬರೀ ಜಾಕ್ ನಂಬಿ ಕೆಳಗೆ ಮಲಗಬೇಡಿ, ಸ್ಟ್ಯಾಂಡ್ ಕೊಡಿ.

ಬಿಚ್ಚುವ ಮುಂಚೆ ಪೇಂಟ್‌ನಿಂದ ಗುರುತು ಹಾಕಿ: ಫ್ಲಾಂಜ್‌ಗೆ ಫ್ಲಾಂಜ್, ತುಂಡಿಗೆ ತುಂಡು. ಕ್ರಾಸ್ ಜಾಯಿಂಟ್ ಓರೆಯಾಗಿದ್ದಾಗ ಒಂದು ಸುತ್ತಿಗೆ ಎರಡು ಸಲ ವೇಗ ಹೆಚ್ಚು ಕಡಿಮೆ ಮಾಡುತ್ತೆ. ಇನ್ನೊಂದು ಜಾಯಿಂಟ್ ಅದನ್ನ ಸರಿತೂಗಿಸೋ ಹಾಗೆ ಕಾರ್ಖಾನೆಯಲ್ಲಿ ಜೋಡಿಸಿರ್ತಾರೆ. ಒಂದು ಹಲ್ಲು ತಪ್ಪಿ ಕೂತರೆ ಹೊಸ ಬೇರಿಂಗ್ ಹಾಕಿಯೂ ಗಾಡಿ ನಡುಗುತ್ತೆ. ಬ್ರಾಕೆಟ್ ಕೆಳಗೆ ತೆಳು ತಗಡಿನ ಶಿಮ್ ಇದ್ದರೆ ಎಣಿಸಿಟ್ಟುಕೊಳ್ಳಿ. ಶಾಫ್ಟ್‌ನ ಕೋನ ಸರಿ ಇಡೋದು ಅದೇ.

ಹಳೆ ಬೇರಿಂಗನ್ನ ಪುಲ್ಲರ್ ಹಾಕಿ ತೆಗೆಯಿರಿ. ಹೊಸದನ್ನ ಕೂರಿಸುವಾಗ ಒತ್ತಡ ಒಳರಿಂಗಿನ ಮೇಲಷ್ಟೇ ಬೀಳಬೇಕು. ಹೊರರಿಂಗಿಗೆ ಹೊಡೆದರೆ ಗುಂಡುಗಳು ಓಡುವ ದಾರಿಯಲ್ಲಿ ಕಣ್ಣಿಗೆ ಕಾಣದ ಗುಳಿ ಬೀಳುತ್ತೆ, ಸ್ವಲ್ಪ ದಿನಕ್ಕೇ ಮತ್ತೆ ಸದ್ದು. ಪ್ರೆಸ್ ಇರುವ ಲೇತ್ ಅಂಗಡಿಗೆ ಒಯ್ಯೋದು ವಾಸಿ. ಕೊನೆಗೆ ಬ್ರಾಕೆಟ್ ಬೋಲ್ಟ್ ಸಡಿಲವಾಗಿಟ್ಟು, ಗಾಡಿ ನೆಲಕ್ಕಿಳಿಸಿ, ಕೈಯಿಂದ ಹಿಂದೆ ಮುಂದೆ ತಳ್ಳಿ, ರಬ್ಬರ್ ತನ್ನ ಜಾಗಕ್ಕೆ ಕೂತ ಮೇಲೆ ಬಿಗಿ ಮಾಡಿ.

ಏನು ಉಳಿಯಬೇಕು

ಸವೆದ ಬೇರಿಂಗ್ ಮುರಿದರೆ ವೇಗದಲ್ಲಿ ತಿರುಗುವ ಶಾಫ್ಟ್ ಬ್ರೇಕ್ ಪೈಪಿಗೋ ಟ್ಯಾಂಕಿಗೋ ಬಡಿಯಬಹುದು. ಮಾತು ಜೀವದ್ದು, ಸದ್ದಿನದ್ದಷ್ಟೇ ಅಲ್ಲ.

ಇನ್ನೊಂದು ನಷ್ಟ ನಿಧಾನವಾಗಿ ಆಗುತ್ತೆ. 2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿದ, ಚಾಸಿಸ್, ಬಾಡಿ, ಎಂಜಿನ್ ಹೆಚ್ಚು ಬದಲಾಗದ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತೆ, ನಂಬರ್ ಪ್ಲೇಟಿನಲ್ಲಿ ‘ವಿಎ’ ಅಂತ ಬರುತ್ತೆ. ಗಾಡಿಯ ಗುರುತಿಗೆ ಕಾಯಿದೆ ಬಂತು. ಆದರೆ ಎಷ್ಟು ಶಿಮ್ ಇತ್ತು, ಯಾವ ನಂಬರಿನ ಬೇರಿಂಗ್ ಕೂರುತ್ತೆ, ಗುರುತು ಎಲ್ಲಿ ಹಾಕಬೇಕು ಅನ್ನೋದು ಬಹುಪಾಲು ಉಸ್ತಾದ್‌ಗಳ ತಲೆಯಲ್ಲೇ ಇದೆ. ಅವರ ಮಕ್ಕಳಲ್ಲಿ ಎಷ್ಟೋ ಜನ ಈ ಕೆಲಸಕ್ಕೆ ಬರ್ತಿಲ್ಲ, ಬರಲೇಬೇಕು ಅಂತ ಹೇಳುವ ಹಕ್ಕು ನಮಗಿಲ್ಲ. ನಾವೂ ಅಪ್ಪಂದಿರ ಕೆಲಸ ಬಿಟ್ಟು ಈ ಊರಿಗೆ ಬಂದವರೇ ತಾನೆ.

ಹಾಗಾಗಿ ಊರಲ್ಲಿ, ಮನೆ ಹಿತ್ತಲಲ್ಲಿ, ಅಂಥ ಗಾಡಿ ಒಂದು ನಿಂತಿದ್ದರೆ ಈ ಸಲ ರಿಪೇರಿ ಮಾಡಿಸುವಾಗ ಪಕ್ಕದಲ್ಲಿ ನಿಂತು ಕೇಳಿ. ನಂಬರ್ ಬರೆದುಕೊಳ್ಳಿ, ಫೋಟೊ ತೆಗೀರಿ, ಉಸ್ತಾದ್ ಹೇಳಿದ್ದನ್ನ ಅವರ ಮಾತಲ್ಲೇ ರೆಕಾರ್ಡ್ ಮಾಡಿ ಗಾಡಿಯ ಕಾಗದದ ಜೊತೆ ಇಡಿ. ಮುಂದೆ ಆ ಗಾಡಿಯ ಕೆಳಗೆ ಮಲಗುವವರಿಗೆ ಅದೇ ಮ್ಯಾನ್ಯುಯಲ್.

ಮುಂದಿನ ಮಾತಿನಲ್ಲಿ ಸಿಗೋಣ. ಶುಕ್ರವಾರ ರಾತ್ರಿ ನಿಧಾನವಾಗಿ ಹೋಗಿ ಬನ್ನಿ.